ಬೆಲ್ಲ ಮಣ್ಣಾದ ವರ್ಷ

ನಮ್ಮ ಮಾವನವರಿಗೆ ಸಕ್ಕರೆ ಕಾಯಿಲೆ ಬಂದಿದೆ ಎಂದು ಮೊದಲು ಪತ್ತೆ ಮಾಡಿದವು ಇರುವೆಗಳು. ಹಿತ್ತಿಲ ಮೋರಿಯ ಹತ್ತಿರ ಅವರು ಕೂತೆದ್ದು ಬಂದರೆ ಸಾಕು, ಸೇಲಂ ಊರಿನ ಇರುವೆ ವಂಶವೆಲ್ಲ ಅಲ್ಲಿಗೆ ನೆಂಟಸ್ತನಕ್ಕೆ ಬರುತ್ತಿತ್ತು. ನಾನಾಗ ಆ ಮನೆಗೆ ಹೊಸ ಸೊಸೆ, ಪೆನ್ನಾಗರದ ಕಡೆಯವಳು. ಮೋರಿಗೆ ನೀರು ಹೊಯ್ಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕಾಲೆಲ್ಲ ಕಚ್ಚಿಸಿಕೊಂಡು ಒಂದು ಬೆಳಿಗ್ಗೆ ತಾಳ್ಮೆ ಕೆಟ್ಟು, "ಅತ್ತೆ, ಈ ಮನೇಲಿ ಸೊಸೆ ಇರ್ಬೇಕಾ, ಇರುವೆ ಇರ್ಬೇಕಾ, ಒಂದು ತೀರ್ಮಾನ ಮಾಡಿ" ಎಂದು ಕೇಳಿಯೇಬಿಟ್ಟೆ. ಹೊಸ ಸೊಸೆ ಹಾಗೆಲ್ಲ ಮಾತಾಡಬಾರದು. ಏನು ಮಾಡಲಿ, ನನಗೆ ಕೋಪ ಆಗಲೂ ಮೂಗಿನ ತುದಿಯಲ್ಲೇ ಇತ್ತು, ಈಗಲೂ ಅಲ್ಲೇ ಇದೆ. ಮೂಗು ಮಾತ್ರ ಸುಕ್ಕಾಗಿದೆ.

ಅತ್ತೆ ಬೈಯಲಿಲ್ಲ. ಇರುವೆ ಸಾಲು ನೋಡಿದರು, ಸೆರಗು ಬಾಯಿಗಿಟ್ಟುಕೊಂಡು ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟರು. ಮಾವನ ಬಲಗಾಲಿನ ಹೆಬ್ಬೆರಳಿಗೆ ಮಗ್ಗದ ಹಲಗೆಯ ಸಿಬಿರು ಚುಚ್ಚಿ ಗಾಯವಾಗಿ, ಸಂಕ್ರಾಂತಿ ಕಳೆದು ಎಷ್ಟೋ ದಿನವಾದರೂ ಅದು ಮಾಯ್ದಿರಲಿಲ್ಲ. ಅತ್ತೆಗೆ ಆ ಗಾಯಕ್ಕೂ ಈ ಇರುವೆಗೂ ಸಂಬಂಧ ಹೊಳೆದುಬಿಟ್ಟಿತು.

ನಾಟಿ ವೈದ್ಯ ಮಾಡುವ ಪಂಡಿತರು ಬಂದು ಬೆರಳು ನೋಡಿದರು, ಮೋರಿ ನೋಡಿದರು, ಕೊನೆಗೆ ಮಾವನ ಮುಖ ನೋಡಿದರು. "ಸಿಹಿ ಬಿಡಿ. ಇಲ್ದಿದ್ರೆ ಮೊದ್ಲು ಬೆರಳು ಓಗ್ತದೆ, ಆಮೇಲೆ ಪಾದ. ಆಮೇಲೆ ದೊಡ್ಡಾಸ್ಪತ್ರೆಯೋರು ಗರಗಸ ತರ್ತಾರೆ" ಎಂದರು.

"ಪಂಡಿತ್ರೇ, ನಾನು ಬೀಡಿ ಸೇದೋನಲ್ಲ, ಇಸ್ಪೀಟು ಮುಟ್ಟೋನಲ್ಲ. ಕಳ್ಳು ಮೂಸಿ ನೋಡ್ದೋನಲ್ಲ. ದೇವ್ರು ನಂಗೆ ಅಂತ ಕೊಟ್ಟಿರೋದು ಉಂಡ್ಮೇಲೆ ಒಂದು ಬೆಲ್ಲದುಂಡೆ. ಅದ್ನೂ ಕಿತ್ಕೊಳ್ಳೋದಾದ್ರೆ ನಾನ್ಯಾಕೆ ಉಟ್ಟಬೇಕಿತ್ತು?" ಎಂದು ಮಾವ ಕೇಳಿದರು.

ಉಂಡ ಮೇಲೆ ಒಂದು ಉಂಡೆ ಎಂಬುದು ಶುದ್ಧ ಸುಳ್ಳು. ಏಳುವಾಗ ಒಂದು, ಸ್ನಾನಕ್ಕೆ ಮುಂಚೆ ಒಂದು, ದಾರ ತುಂಡಾದರೆ ಬೇಜಾರಿಗೆ ಒಂದು, ಆಗದಿದ್ದರೆ ಸಂತೋಷಕ್ಕೆ ಒಂದು.

ಕಾಲು ಹೋದರೆ ಏನಾಗುತ್ತದೆ ಎಂಬುದು ನಮ್ಮ ಬೀದಿಯ ಕೂಸಿಗೂ ಗೊತ್ತಿತ್ತು. ನಮ್ಮದು ಗುಂಡಿ ಮಗ್ಗ. ನೇಯುವವರು ನೆಲದಲ್ಲಿ ತೋಡಿದ ಗುಂಡಿಯ ಅಂಚಿಗೆ ಕೂತು ಕಾಲೆರಡನ್ನೂ ಒಳಗೆ ಇಳಿಬಿಡಬೇಕು. ಒಂದು ಹಲಗೆ ಬಲಗಾಲಿಗೆ, ಒಂದು ಎಡಗಾಲಿಗೆ. ಕೈ ಬರೀ ಲಾಳಿ ಎಸೆಯುತ್ತದೆ. ಎಳೆಯನ್ನು ಮೇಲೆ ಕೆಳಗೆ ಮಾಡಿ ಬಟ್ಟೆ ಹುಟ್ಟಿಸುವುದು ಕಾಲು. ಮಾವ ನೇಯುತ್ತಿದ್ದ ರೇಷ್ಮೆ ಅಂಚಿನ ಪಂಚೆಯನ್ನು ಮದುವೆ ಮನೆಯವರು ತಿಂಗಳುಗಟ್ಟಲೆ ಕಾದು ಒಯ್ಯುತ್ತಿದ್ದರು. ಒಂದು ಪಾದ ಹೋದರೆ ಆ ಮನುಷ್ಯ ಜಗುಲಿಯ ಮೇಲೆ ಕೂತು ನೊಣ ಹೊಡೆಯಬೇಕು. ಅದನ್ನು ನೆನೆಸಿಕೊಂಡು ಅತ್ತೆ ರೊಟ್ಟಿ ಹೊತ್ತಿಸುತ್ತಿದ್ದರು, ಸಾರಿಗೆ ಎರಡು ಸಲ ಉಪ್ಪು ಹಾಕುತ್ತಿದ್ದರು.

ಬೆಲ್ಲವನ್ನು ಬಚ್ಚಿಟ್ಟು ನೋಡಿದರು. ಅಕ್ಕಿ ಮಡಕೆಯಲ್ಲಿ, ನೂಲಿನ ಬುಟ್ಟಿಯಲ್ಲಿ, ಅಟ್ಟದ ತೊಲೆಗೆ ಗಂಟು ಕಟ್ಟಿ. ಮಾವ ಹುಡುಕುವ ತೊಂದರೆಯನ್ನೇ ತೆಗೆದುಕೊಳ್ಳುತ್ತಿರಲಿಲ್ಲ. ಇರುವೆ ಸಾಲು ಹಿಡಿದು ನೆಟ್ಟಗೆ ಹೋಗಿ ನಿಲ್ಲುತ್ತಿದ್ದರು. ಪಂಡಿತರ ಮಾತು ಕೇಳಿ ಅತ್ತೆ ಒಮ್ಮೆ ಮಜ್ಜಿಗೆಯಲ್ಲಿ ಬೇವಿನ ರಸ ಬೆರೆಸಿಕೊಟ್ಟರು. ಮಾವ ಅದನ್ನು ಗೋಡೆಗೆ ಉಗಿದರು. ಅಂದಿನಿಂದ ಮನೆಯಲ್ಲಿ ಹೊಸ ಕಾನೂನು ಬಂತು. ತಟ್ಟೆಗೆ ಏನು ಬಿದ್ದರೂ ಮಾವ ಕೈ ಕಟ್ಟಿಕೊಂಡು ಕೂರುವರು. "ಮೊದ್ಲು ನೀ ತಿನ್ನು" ಎನ್ನುವರು. ಅತ್ತೆ ಒಂದು ತುತ್ತು ತಿಂದು, ನುಂಗಿ, ಬಾಯಿ ತೆರೆದು ತೋರಿಸಿದ ಮೇಲೆಯೇ ಅವರ ಊಟ. ಕಟ್ಟಿಕೊಂಡವಳನ್ನೇ ಪೊಲೀಸರ ಹಾಗೆ ತಪಾಸಣೆ ಮಾಡುವ ಗಂಡಸನ್ನು ನಾನು ಅಲ್ಲೇ ಮೊದಲು ಕಂಡದ್ದು.

ಆ ಹೊತ್ತಿಗೆ ಬೆಟ್ಟದಾಕೆ ಬಂದಳು.

ಏರ್ಕಾಡಿನ ಬೆಟ್ಟದ ಮೇಲೆ ಮಲೆಯಾಳಿಗಳು ಎಂಬ ಜನ ಇದ್ದಾರೆ. ಕೇರಳದವರಲ್ಲ, ಆ ಬೆಟ್ಟದವರೇ, ಮಾತು ತಮಿಳು. ಅವರಲ್ಲಿ ಒಬ್ಬಾಕೆ ಸಂತೆಯ ದಿನ ಬುಟ್ಟಿ ಹೊತ್ತು ನಮ್ಮ ಬೀದಿಗೆ ಬರುತ್ತಿದ್ದಳು. ರೇಷ್ಮೆ ನೂಲು ತೊಳೆಯಲು ಅಂಟವಾಳದ ಕಾಯಿ ಆಕೆಯಿಂದಲೇ ಬರಬೇಕು. ತಲೆಗೆ ಸೀಗೆ, ಕೆಮ್ಮಿಗೆ ಒಂದು ತೊಗಟೆ, ಬಾಣಂತಿಗೆ ಒಂದು ಬೇರು, ಜೊತೆಗೆ ಉಪ್ಪಿನಕಾಯಿಗೆ ಮಾಗಳಿ ಬೇರು. ಆ ಮಾಗಳಿ ಬೇರಿಗೆ ಹೊಸಕಿದ ತಿಗಣೆಯ ವಾಸನೆ. ನಮ್ಮತ್ತೆ ಅದನ್ನು ಮೂಸಿ ಕಣ್ಣು ಮುಚ್ಚಿ "ಆಹಾ" ಎನ್ನುತ್ತಿದ್ದರು. ನಾನು ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಅಡುಗೆಮನೆ ಬಿಟ್ಟು ಓಡುತ್ತಿದ್ದೆ.

ಆಕೆಯ ನಗು ಬೀದಿಯ ಆ ತುದಿಯಿಂದಲೇ ಕೇಳಿಸುತ್ತಿತ್ತು. ಸೊಂಟದಲ್ಲಿ ಕುಡುಗೋಲು, ಬಾಯಲ್ಲಿ ಎಲೆಯಡಿಕೆ. ಆಕೆ ಕಾಸು ಕೇಳುವವಳಲ್ಲ. ಬೆಟ್ಟದಲ್ಲಿ ಕಬ್ಬು ಬೆಳೆಯದು, ಆದ್ದರಿಂದ ಬೆಲ್ಲ ಬೇಕು. ಆಕೆಗೂ ನಮ್ಮ ಮಾವನಿಗೂ ಆ ಒಂದು ವಿಷಯದಲ್ಲಿ ಒಂದೇ ಗೋತ್ರ.

ಅತ್ತೆ ಆಕೆಯ ಮುಂದೆ ಗೋಳು ತೋಡಿಕೊಂಡರು. ಆಕೆ ತಮಿಳಿನಲ್ಲಿ, ಇವರು ಕನ್ನಡದಲ್ಲಿ, ನಡುನಡುವೆ ಇಬ್ಬರೂ ಮಾತು ಅದಲುಬದಲು ಮಾಡಿಕೊಂಡು. ಎಲ್ಲ ಕೇಳಿ ಆಕೆ ಹೇಳಿದಳು, "ಅಡ ಪೋಮ್ಮಾ, ಓಗಮ್ಮಾ! ಅಯ್ಯಾ ಬೆಲ್ಲ ಬಿಡೋರಲ್ಲ. ಬೆಲ್ಲಾನೇ ಅಯ್ಯಾನ್ನ ಬಿಡೋ ಅಂಗೆ ಮಾಡಾಣ."

ಬುಟ್ಟಿಯ ತಳದಿಂದ ಒಂದು ಬಳ್ಳಿಯ ಎಲೆ ತೆಗೆದಳು. ಸಣ್ಣ, ಮೃದುವಾದ, ನೋಡಲು ಏನೇನೂ ಗಮ್ಮತ್ತಿಲ್ಲದ ಎಲೆ. ಸಿರುಕುರಿಂಜಾ ಎಂದಳು. ಅದನ್ನೇ ಪಂಡಿತರು ಮಧುನಾಶಿನಿ ಎನ್ನುತ್ತಾರಂತೆ, ಆ ಹೆಸರು ನನಗೆ ಗೊತ್ತಾದದ್ದು ಆಮೇಲೆ. ಆಕೆ ಸುತ್ತ ನೋಡಿ ಎಲೆಯನ್ನು ನನ್ನ ಕೈಗೆ ಕೊಟ್ಟಳು. ಯಾವ ಮನೆಯಲ್ಲಾದರೂ ಸರಿ, ಪರೀಕ್ಷೆಗೆ ಸೊಸೆಯೇ ಆಗಬೇಕಲ್ಲ.

ಅಗಿದೆ. ಸ್ವಲ್ಪ ಒಗರು, ಸ್ವಲ್ಪ ಕಹಿ. ಇಷ್ಟೇನಾ ಎನ್ನುವಷ್ಟರಲ್ಲಿ ಆಕೆ ಬೆಲ್ಲದ ಚೂರೊಂದನ್ನು ನನ್ನ ಬಾಯಿಗೆ ಹಾಕಿದಳು. ಅಯ್ಯೋ ಶಿವನೇ! ಮಣ್ಣು! ಹೊಳೆದಂಡೆಯ ಮರಳು ಕಲಸಿದ ಮಣ್ಣು! ಇನ್ನೊಂದು ಚೂರು ಹಾಕಿಕೊಂಡೆ, ಅದೂ ಮಣ್ಣು. ಉಪ್ಪು ನೆಕ್ಕಿದೆ, ಉಪ್ಪು ಸರಿಯಾಗಿದೆ. ಮೆಣಸಿನಕಾಯಿ ಕಚ್ಚಿದೆ, ಖಾರ ನೆತ್ತಿಗೇರಿತು. ಸಿಹಿ ಒಂದೇ ಊರು ಬಿಟ್ಟು ಹೋಗಿತ್ತು. ನನ್ನ ನಾಲಿಗೆ ಸತ್ತೇ ಹೋಯಿತೆಂದು ನಾನು ಗೋಳೋ ಎಂದು ಅತ್ತುಬಿಟ್ಟೆ. ಬೆಟ್ಟದಾಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಬಂದ್ಬಿಡ್ತದೆ ಕಣಮ್ಮಾ, ಅನ್ನದ ಮಡಕೆ ಬೇಯೋ ಒತ್ತಿಗೆ ಬಂದ್ಬಿಡ್ತದೆ. ನಮ್ಮ ಗಂಡಸ್ರು ಜೇನು ಇಳ್ಸಕ್ಕೆ ಓಗುವಾಗ ಇದ್ನ ಅಗಿಸಿ ಕಳಿಸ್ತೀವಿ. ಇಲ್ದಿದ್ರೆ ಜೇನು ಮನೆಗೆ ಬರೋದೇ ಇಲ್ಲ!" ಎಂದಳು. ಅದು ನಿಜವೋ, ನಮ್ಮನ್ನು ಕಂಡು ಆಗ ಹುಟ್ಟಿಸಿದ್ದೋ ಇಂದಿಗೂ ನನಗೆ ತಿಳಿಯದು.

ಬಳ್ಳಿ ಎಲ್ಲಿದೆ ಎಂದು ಅತ್ತೆ ಕೇಳಿದರು. ಜಾಗ ಹೇಳಿದರೆ ಬಳ್ಳಿಗೆ ಸಿಟ್ಟು ಬರುತ್ತದಂತೆ. "ಬಳ್ಳಿಗೆ ಸಿಟ್ಟು ಬಂದ್ರೆ ಮತ್ತೆ ಚಿಗುರಲ್ಲ. ನಂಗೆ ಬೆಲ್ಲಾನೂ ಸಿಗಲ್ಲ" ಎಂದು ಸೇರಿಸಿ ಕಣ್ಣು ಮಿಟುಕಿಸಿದಳು. ಸಿಹಿ ಕೊಲ್ಲುವ ಸೊಪ್ಪಿಗೆ ಬದಲಾಗಿ ಎರಡು ಅಚ್ಚು ಬೆಲ್ಲ ಕಟ್ಟಿಸಿಕೊಂಡು ಹೋದಳು.

ಮರುದಿನದಿಂದ ನಮ್ಮ ಮನೆಯಲ್ಲಿ ಚಟ್ನಿಯ ಆಳ್ವಿಕೆ ಶುರುವಾಯಿತು. ಆ ಎಲೆಗೆ ಹುರಿಗಡಲೆ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಉಪ್ಪು ಸೇರಿಸಿ ನಾನು ರುಬ್ಬುತ್ತಿದ್ದೆ. ರುಚಿ ಚೆನ್ನಾಗಿಯೇ ಇರುತ್ತಿತ್ತು, ನಾನು ರುಬ್ಬಿದ್ದು ಕೆಟ್ಟದ್ದಾದದ್ದು ಯಾವಾಗ! ಊಟದ ಮೊದಲ ತುತ್ತಿಗೆ ಚಟ್ನಿ. ಮಾವ ಕೈ ಕಟ್ಟಿ ಕೂರುವರು, "ಮೊದ್ಲು ನೀ ತಿನ್ನು." ಅತ್ತೆ ದೊಡ್ಡ ತುತ್ತನ್ನೇ ತಿಂದು ಬಾಯಿ ತೆರೆದು ತೋರಿಸುವರು. ಮಾವ ನಂಬಿ ನಾಲ್ಕು ಪಾಲು ತಿನ್ನುವರು. ಗುಟ್ಟು ಗೊತ್ತಿದ್ದದ್ದು ನಮ್ಮಿಬ್ಬರಿಗೇ. ನಮ್ಮವರಿಗೂ, ಅಂದರೆ ನನ್ನ ಗಂಡನಿಗೂ ಹೇಳಿರಲಿಲ್ಲ. ಅವರ ಹೊಟ್ಟೆಯಲ್ಲಿ ಅನ್ನ ಬಿಟ್ಟರೆ ಬೇರೇನೂ ನಿಲ್ಲುತ್ತಿರಲಿಲ್ಲ.

ಮೊದಲ ದಿನ ಊಟ ಮುಗಿಸಿ ಮಾವ ಬೆಲ್ಲದುಂಡೆ ಬಾಯಿಗೆ ಹಾಕಿದರು. ದವಡೆ ನಿಂತಿತು. ಕಣ್ಣು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಹೋಯಿತು.

"ಲೇ, ಇದ್ಯಾವ ಬೆಲ್ಲ?"

"ಮಾಮೂಲಿದೇ ಕಣ್ರೀ, ಮಂಡೀದು" ಎಂದರು ಅತ್ತೆ, ಒಲೆಯ ಕಡೆ ತಿರುಗಿ.

"ಮಂಡಿಯೋನು ಬೆಲ್ಲ ಅಂತ ಇಟ್ಟಿಗೆ ಮಾರ್ತವ್ನೆ!"

ಬೆಲ್ಲದ ಮಂಡಿ ನಮ್ಮ ಬೀದಿಯ ತುದಿಯಲ್ಲೇ ಇತ್ತು. ಬಾಯಿ ತೊಳೆಯದೆ ಅಲ್ಲಿಗೆ ಹೋಗಿ ಜಗಳ ತೆಗೆದರು. ಮಂಡಿಯವರು ಬೇರೆ ಮೂಟೆ ಬಿಚ್ಚಿ ತೋರಿಸಿದರು. ಅದೂ ಮಣ್ಣು. ಸಂಜೆ ಯಾರದೋ ಮನೆಯಲ್ಲಿ ಪಾನಕ ಕುಡಿದರೆ ಸಿಹಿಯೋ ಸಿಹಿ! ಮಾವ ಕುಣಿಯುತ್ತಾ ಬಂದು ಆ ಮನೆಯವರು ಕೊಳ್ಳುವ ಅಂಗಡಿಯಿಂದಲೇ ಬೆಲ್ಲ ತರಿಸಿದರು. ರಾತ್ರಿ ಊಟವಾದ ಮೇಲೆ ತಿಂದರೆ ಮತ್ತೆ ಮಣ್ಣು. ತಾಳೆಮರದ ತಾಟಿಬೆಲ್ಲ ಬಂತು, ಉಂಡೆ ಬೆಲ್ಲ ಬಂತು. ಮಾರಂಡಹಳ್ಳಿಯ ನೆಂಟರು ಆಲೆಮನೆಯಿಂದ ಬಿಸಿಬಿಸಿಯಾಗಿ ಕಳಿಸಿದ ಬೆಲ್ಲವೂ ಬಂತು. ಅವರು ಬೆಲ್ಲಕ್ಕೆ ಕೈ ಹಾಕುವ ಹೊತ್ತಿಗೆಲ್ಲ ನಾವು ಏನಾದರೊಂದು ನೆಪದಲ್ಲಿ ಚಟ್ನಿ ತಿನ್ನಿಸಿರುತ್ತಿದ್ದೆವು. ನಮ್ಮ ಮನೆಯ ಹೊಸ್ತಿಲು ದಾಟಿದ ಬೆಲ್ಲಕ್ಕೆಲ್ಲ ಒಂದೇ ಗತಿ.

ಮಾವ ಇದಕ್ಕೊಂದು ಸಿದ್ಧಾಂತ ಕಟ್ಟಿದರು. ಅದು ನಮ್ಮ ಜಿಲ್ಲೆಯಲ್ಲಿ ಕಳ್ಳು ನಿಂತ ಮರುವರ್ಷ. ಮದರಾಸಿನ ಸರ್ಕಾರ ಇಡೀ ಪ್ರಾಂತ್ಯಕ್ಕೆ ಮೊದಲು ನಮ್ಮ ಸೇಲಂ ಜಿಲ್ಲೆಯಲ್ಲೇ ಕಳ್ಳು ಸಾರಾಯಿ ಬಂದ್ ಮಾಡಿಸಿತ್ತು. ಮಾವ ಜಗುಲಿಯ ಮೇಲೆ ಕೂತು ಹೋಗಿ ಬರುವವರಿಗೆಲ್ಲ ಹೇಳುತ್ತಿದ್ದರು, "ಓದ್ವರ್ಸ ಕಳ್ಳು ನಿಲ್ಸಿದ್ರು. ಈ ವರ್ಸ ಸಿಹಿ ನಿಲ್ಸವ್ರೆ. ಎಲ್ಲಾ ನಮ್ಮ ಜಿಲ್ಲೆಯಿಂದ್ಲೇ ಶುರು! ಮುಂದಿನ್ವರ್ಸ ಉಪ್ಪು ನಿಲ್ಸ್ತಾರೆ, ನೋಡ್ತಾ ಇರಿ!" ಜನ ತಲೆಯಾಡಿಸಿ ಹೋಗುತ್ತಿದ್ದರು. ಅತ್ತೆ ಒಳಗೆ ಬಾಯಿಗೆ ಸೆರಗು ತುರುಕಿಕೊಂಡು ನಗುತ್ತಿದ್ದರು. ನಾನು ರಾಟೆ ಜೋರಾಗಿ ತಿರುಗಿಸುತ್ತಿದ್ದೆ, ನಗು ಕೇಳಿಸದಿರಲಿ ಎಂದು.

ಸರ್ಕಾರವನ್ನು ಬೈಯುತ್ತಾ ಬೈಯುತ್ತಾ ಮಾವ ಬೆಲ್ಲ ತಿನ್ನುವುದನ್ನು ಕಡಿಮೆ ಮಾಡಿದರು. ಮಣ್ಣನ್ನು ಎಷ್ಟು ದಿನ ಅಂತ ತಿಂದಾರು! ಮೋರಿಯ ಇರುವೆ ತೆಳುವಾಯಿತು. ಹೆಬ್ಬೆರಳಿನ ಗಾಯ ಅಂಚಿನಿಂದ ಒಣಗತೊಡಗಿತು. ಪಂಡಿತರು ಬಂದು ನೋಡಿ, "ಇಂಗೇ ಓದ್ರೆ ಬೆರಳು ಉಳೀತದೆ" ಎಂದರು. ಅತ್ತೆ ದೇವರ ಮನೆಯಲ್ಲಿ ಬಹಳ ಹೊತ್ತು ನಿಂತಿದ್ದು ಬಂದರು.

ಎಲ್ಲ ಸುಸೂತ್ರವಾಗಿ ಸಾಗುತ್ತಿತ್ತು. ನಮ್ಮವರು ಕೈ ಹಾಕಿದರು ನೋಡಿ, ಅಲ್ಲಿಗೆ ಕೆಟ್ಟಿತು.

ಹೊಸ ಹಾಸಿನ ಎಳೆಗಳಿಗೆ ಗಂಜಿ ಹಚ್ಚುವ ದಿನ. ಮಗ್ಗಕ್ಕೆ ಏರಿಸುವ ಉದ್ದನೆಯ ನೂಲಿನ ಹಾಸನ್ನು ಬೆಳಿಗ್ಗೆ ಬೀದಿಯ ಉದ್ದಕ್ಕೂ ಬಿಗಿದು ಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ಉಜ್ಜಿ ಒಣಗಿಸಬೇಕು. ಒಂದು ಮನೆಯವರಿಂದ ಆಗುವ ಕೆಲಸವಲ್ಲ. ಇಂದು ನಮ್ಮ ಹಾಸಿನ ಕೆಲಸಕ್ಕೆ ಬೀದಿಯವರೆಲ್ಲ ಬರುತ್ತಾರೆ, ನಾಳೆ ಅವರದಕ್ಕೆ ನಾವು ಹೋಗುತ್ತೇವೆ. ಕೆಲಸ ಮುಗಿದ ಮೇಲೆ ಹಾಸಿನ ಮನೆಯವರು ಎಲ್ಲರಿಗೂ ರಾಗಿ ಅಂಬಲಿ ಮತ್ತು ನಂಚಿಕೊಳ್ಳಲು ಚಟ್ನಿ ಕೊಡಬೇಕು. ಎಳೆ ತುಂಡಾಗದೆ ಹಾಸು ಮುಗಿದರೆ ಕೊನೆಗೆ ಬೆಲ್ಲದನ್ನ. ನಮ್ಮ ಬೀದಿಯ ಪದ್ಧತಿ ಅದು.

ಅಂದು ಒಂದು ಎಳೆಯೂ ತುಂಡಾಗಲಿಲ್ಲ. ಅತ್ತೆ ಸಂತೋಷದಿಂದ ಬೆಲ್ಲ ಸುರಿದು ಹಂಡೆ ತುಂಬ ಬೆಲ್ಲದನ್ನ ಮಾಡಿದರು. ಜನ ಜಗುಲಿಯ ಮೇಲೆ ಸಾಲಾಗಿ ಕೂತು ಅಂಬಲಿ ಕುಡಿಯತೊಡಗಿದರು. ಅವರಿಗಾಗಿ ಮಾಡಿದ ತೆಂಗಿನಕಾಯಿ ಚಟ್ನಿ ಅರ್ಧದಲ್ಲೇ ಖಾಲಿಯಾಯಿತು. ನಾನು ಹಿತ್ತಿಲಲ್ಲಿ ನೀರು ಸೇದುತ್ತಿದ್ದೆ, ಅತ್ತೆ ಒಲೆಯ ಮುಂದಿದ್ದರು. ಬಡಿಸುತ್ತಿದ್ದ ನಮ್ಮವರು ಒಳಗೆ ಬಂದು, ಮೂಲೆಯಲ್ಲಿ ಮುಚ್ಚಿಟ್ಟಿದ್ದ ಕಲ್ಲಿನ ಪಾತ್ರೆ, ಅದೇ ಮರಿಗೆ, ತೆರೆದು ನೋಡಿದರು. ಮಾವನಿಗೆಂದು ಬಹಳ ದಿನಕ್ಕಾಗುವಷ್ಟು ರುಬ್ಬಿಟ್ಟ ಚಟ್ನಿ. "ಇಷ್ಟು ಚಟ್ನಿ ಮಡಿಕ್ಕಂಡು ಜನಕ್ಕೆ ಇಲ್ಲ ಅಂತಾರಲ್ಲ, ಎಂಥಾ ಜಿಪುಣ್ರು ಈ ಎಂಗಸ್ರು!" ಎಂದು ಗೊಣಗಿ, ಮರಿಗೆ ಎತ್ತಿಕೊಂಡು ಹೋಗಿ ಬೀದಿಗೆಲ್ಲ ಧಾರಾಳವಾಗಿ ಬಡಿಸಿಬಿಟ್ಟರು. ಆ ಮನುಷ್ಯ ಜೀವಮಾನದಲ್ಲಿ ಧಾರಾಳವಾಗಿದ್ದದ್ದು ಅದೊಂದೇ ದಿನ.

ಬೆಲ್ಲದನ್ನ ಬಂತು. ಮೊದಲನೆಯವರು ಒಂದು ತುತ್ತು ತಿಂದು ಪಕ್ಕದವರನ್ನು ನೋಡಿದರು. ಪಕ್ಕದವರು ಆಚೆಯವರನ್ನು ನೋಡಿದರು. ಮನೆಯವರ ಮುಂದೆ ಹೇಳುವುದು ಹೇಗೆ? ಒಬ್ಬ ಹಿರಿಯರು ಮಾತ್ರ ಕೆಮ್ಮಿ, "ಅಮ್ಮಣ್ಣೀ, ಬೆಲ್ಲ ಆಕೋದು ಮರ್ತ್ಬಿಟ್ರಾ?" ಎಂದರು.

"ಬೇಕಾದಷ್ಟು ಆಕೀನಲ್ಲಾ?" ಎನ್ನುತ್ತಾ ಬಾಗಿಲಿಗೆ ಬಂದ ಅತ್ತೆಯ ಕಣ್ಣು ಬರಿದಾದ ಮರಿಗೆಯ ಮೇಲೆ ಬಿತ್ತು. ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು.

ಮಾವ ಎದ್ದು ನಿಂತರು. ಅವರ ಮುಖದಲ್ಲಿ ಅಂಥ ಕಳೆಯನ್ನು ನಾನು ಎಂದೂ ಕಂಡಿರಲಿಲ್ಲ. "ಕಂಡ್ರಾ! ಕಂಡ್ರಾ! ಎಷ್ಟು ದಿವ್ಸದಿಂದ ಬಡ್ಕಂತಾ ಇದೀನಿ! ನಂಗೆ ಉಚ್ಚು ಅಂದ್ರಲ್ಲ, ಈಗೇನಂತೀರಾ? ಮಣ್ಣು ತಾನೇ?"

"ಮಣ್ಣೇ!" ಎಂದಿತು ಬೀದಿ, ಒಂದೇ ಬಾಯಲ್ಲಿ.

ಆಮೇಲೆ ಅವರನ್ನು ಹಿಡಿಯುವವರು ಯಾರು? ಮಾವ ಬೆಲ್ಲದನ್ನದ ಹಂಡೆಯನ್ನು ಇಬ್ಬರ ಕೈಲಿ ಹೊರಿಸಿ, ತಾವು ಕುಂಟುತ್ತಾ ಮುಂದೆ ನಡೆದು, ಇಡೀ ಬೀದಿಯನ್ನು ಬೆಲ್ಲದ ಮಂಡಿಗೆ ದಂಡು ಕರೆದುಕೊಂಡು ಹೋದರು. ಗಂಜಿಯ ಕೈ, ಕೈಯಲ್ಲಿ ಕುಂಚ. ಮಂಡಿಯವರು ಪಾಪ ತಕ್ಕಡಿ ಒರೆಸುತ್ತಾ ಕೂತಿದ್ದರು. ಹಂಡೆಯಿಂದ ಒಂದು ಹಿಡಿ ಬಾಯಿಗೆ ಹಾಕಿಕೊಂಡು, "ಸಿಹಿ ಐತಲ್ರಪ್ಪಾ, ಇನ್ನಾ ಒಸಿ ತುಪ್ಪ ಬಿದ್ದಿದ್ರೆ ನಲ್ಲಾ ಇರುಕ್ಕುಂ" ಎಂದರು.

"ಸುಳ್ಳ!" ಎಂದಿತು ಬೀದಿ.

ದಾರಿಯಲ್ಲಿ ಹೋಗುತ್ತಿದ್ದ ಹರೂರಿನ ಗಾಡಿಯವನನ್ನು ತಡೆದು ತಿನ್ನಿಸಿದರು. "ಜಾಸ್ತಿ ಸಿಹಿ, ಎದೆ ಹಿಡೀತದೆ" ಎಂದ. ಅವನೂ ಮಂಡಿಯ ಕಡೆಯವನೇ ಎಂದು ತೀರ್ಮಾನವಾಯಿತು. ಮಂಡಿಯವರು ಮೂಟೆಗಳನ್ನೆಲ್ಲ ಬಿಚ್ಚಿದರು. ನಮ್ಮ ಬೀದಿಯವರು ಒಬ್ಬೊಬ್ಬರೇ ನೆಕ್ಕಿ ನೆಕ್ಕಿ "ಮಣ್ಣು", "ಮಣ್ಣು" ಎಂದು ಸಾಕ್ಷಿ ಹೇಳಿದರು. ಮಂಡಿಯವರ ಕಣ್ಣಲ್ಲಿ ನೀರೇ ಬಂತು.

ಆಗ ಮಾವನಿಗೆ ಒಂದು ಯೋಚನೆ ಹೊಳೆಯಿತು. ಅವರಿಗೆ ಯೋಚನೆ ಹೊಳೆದಾಗಲೆಲ್ಲ ಮನೆಗೆ ಕೇಡು. ತೊಡೆ ತಟ್ಟಿ ಕೂಗಿದರು, "ಪಂಡಿತ್ರು ಸಿಹಿ ತಿನ್ಬೇಡ ಅಂದವ್ರೆ. ಇದು ಸಿಹಿ ಅಲ್ಲ, ಮಣ್ಣು! ಮಣ್ಣು ತಿಂದ್ರೆ ಯಾವ ಕಾಯಿಲೆ ಬತ್ತದೆ? ಈ ಮೂಟೆ ಪೂರಾ ತಿಂತೀನಿ. ನಂಗೇನೂ ಆಗ್ದೇ ಇದ್ರೆ ಮಂಡಿಯೋನು ಮೋಸಗಾರ ಅಂತ ಎಲ್ರೂ ಒಪ್ಕೋಬೇಕು!"

ಬೀದಿಯವರು ಚಪ್ಪಾಳೆ ತಟ್ಟಿದರು. ಮಾವ ಒಂದು ಅಚ್ಚು ಬೆಲ್ಲ ಮುರಿದು ಬಾಯಿಗೆ ತುರುಕಿದರು. ಇನ್ನೊಂದು ಅಚ್ಚು. ಮತ್ತೊಂದಕ್ಕೆ ಕೈ ಹಾಕಿದರು.

ಅತ್ತೆ ಅದುವರೆಗೂ ಗಂಡಸರ ಗುಂಪಿನ ನಡುವೆ ಹೋಗಿ ನಿಂತವರಲ್ಲ. ಅಂದು ಬರಿಗಾಲಲ್ಲಿ ಓಡಿದರು, ನಾನು ಹಿಂದೆ ಓಡಿದೆ. ಅವರು ಗುಂಪನ್ನು ಸೀಳಿಕೊಂಡು ನುಗ್ಗಿ ಮಾವನ ಮಣಿಕಟ್ಟು ಹಿಡಿದು, ಬಾಯೊಳಗೇ ಬೆರಳು ಹಾಕಿ ಬೆಲ್ಲ ಕಿತ್ತು ತೆಗೆದರು.

"ಉಗೀರಿ! ಸಿಹಿ ಐತೆ ಅದು! ಎಲ್ಲಾ ಸಿಹಿನೇ! ನಿಮ್ಮ ನಾಲಿಗೇನ ನಾನೇ ಕೊಂದೀನಿ!"

ಉಸಿರುಗಟ್ಟಿ, ಎಲೆ, ಬೆಟ್ಟ, ಚಟ್ನಿ, ಎಲ್ಲವನ್ನೂ ಹೇಳಿದರು. "ನೀವು ನೋಡ್ಕೊಂಡೇ ಕೂತಿದ್ರಲ್ಲಾ, ಮೊದ್ಲು ನಾನೇ ತಿಂತಿದ್ದೆ. ನಂಗೂ ಮಣ್ಣೇ. ಕಾಲು ಓದ್ರೆ ಮಗ್ಗಕ್ಕೆ ಎಂಗೆ ಇಳೀತೀರಾ? ಮಗ್ಗಕ್ಕೆ ಇಳೀದೆ ನೀವು ಎಂಗೆ ಬದುಕ್ತೀರಾ?"

ಮೊದಲು ಗಾಡಿಯವನು ನಕ್ಕ. ಅವನ ಹಿಂದೆ ಒಬ್ಬರು, ಇನ್ನೊಬ್ಬರು, ಕೊನೆಗೆ ಇಡೀ ಬೀದಿ ಬಿದ್ದು ಬಿದ್ದು ನಕ್ಕಿತು. ಮಂಡಿಯವರಂತೂ ಮೂಟೆಯ ಮೇಲೆಯೇ ಉರುಳಿದರು. ನಗದಿದ್ದವರು ಮಾವ ಒಬ್ಬರೇ. ಹೆಗಲ ಮೇಲಿನ ಟವೆಲು ಕೊಡವಿ, ಕುಂಟುತ್ತಾ ಒಬ್ಬರೇ ಮನೆಗೆ ಹೋದರು. ನನಗೆ ಆಗ ನಿಜಕ್ಕೂ ಸಂಕಟವಾಯಿತು.

"ಅಡಿಕೆಗೆ ಓದ ಮಾನ ಆನೆ ಕೊಟ್ರೂ ಬರಲ್ಲ ಅಂತಾರೆ. ನಂದು ಚಟ್ನಿಗೆ ಓಯ್ತು" ಎಂದು ಸಂಜೆ ಗೋಡೆಗೆ ಹೇಳಿದರು. ಅಷ್ಟೇ. ಅತ್ತೆಯ ಜೊತೆ ಮಾತು ಬಿಟ್ಟರು. ಮಜ್ಜಿಗೆ ಬೇಕಾದರೂ ನನಗೆ ಹೇಳಿ ಅವರಿಂದ ತರಿಸುವರು, ಅವರು ಅಲ್ಲೇ ಎದುರಿಗೇ ಇದ್ದರೂ. ಚಟ್ನಿಯನ್ನು ಕಂಡರೆ ತಟ್ಟೆ ದೂರ ತಳ್ಳುವರು. ಮಗ್ಗದ ಪಕ್ಕದ ಗೂಡಿನಲ್ಲಿ ಒಂದು ದೊಡ್ಡ ಬೆಲ್ಲದುಂಡೆಯನ್ನು ಎಲ್ಲರಿಗೂ ಕಾಣುವಂತೆ ಇಟ್ಟರು, ಯಾರಿಗಾದರೂ ಧೈರ್ಯವಿದ್ದರೆ ತಡೆಯಲಿ ಎಂದು. ದಿನವೂ ಅದರ ಅಂಚು ಒಂದಿಷ್ಟು ಸವೆಯುತ್ತಿತ್ತು. ಮೋರಿಗೆ ಇರುವೆ ವಾಪಸು ಬಂದವು. ಒಣಗಿದ್ದ ಗಾಯದಲ್ಲಿ ಮತ್ತೆ ನೀರು ಜಿನುಗಿತು. ಅತ್ತೆ ಮೋರಿಗೆ ನೀರು ಹೊಯ್ದರು. ಬೇರೇನು ಮಾಡಿಯಾರು? ಮರೆಯಲ್ಲಿ ಮಾಡುವುದಕ್ಕೆ ಇನ್ನೇನೂ ಉಳಿದಿರಲಿಲ್ಲ.

ಸಂತೆಯ ದಿನ ಬೆಟ್ಟದಾಕೆ ಬಂದಳು. ನಾನು ಬಾಗಿಲಲ್ಲೇ ಸನ್ನೆ ಮಾಡಿದೆ, ಬೇಡ ಹೋಗು ಎಂದು. ಆಕೆ ಸನ್ನೆಗೆ ಬಗ್ಗುವವಳಲ್ಲ. ನೇರವಾಗಿ ಒಳಗೆ ಬಂದು ಮಗ್ಗದ ಮುಂದೆ ಬುಟ್ಟಿ ಇಳಿಸಿದಳು. ಮಾವ ಗುಂಡಿಯ ಅಂಚಿಗೆ ಕಾಲು ಇಳಿಬಿಟ್ಟು ನೇಯದೆ ಸುಮ್ಮನೆ ಕೂತಿದ್ದರು. ಆಕೆಯನ್ನು ಕಂಡದ್ದೇ ಕೆಂಡವಾದರು.

"ನೀನೇ ಅಲ್ವಾ? ನಂಗೆ ಮಣ್ಣು ತಿನ್ನಿಸ್ದೋಳು!"

"ನಾನೇ ಸಾಮಿ. ಕಾಲು ಎಂಗೈತೆ, ತೋರ್ಸಿ" ಎಂದಳು, ಯಾವ ನಾಚಿಕೆಯೂ ಇಲ್ಲದೆ. ಬಗ್ಗಿ ನೋಡಿದಳು. ನಗಲಿಲ್ಲ. "ಸೊಪ್ಪು ಬಿಟ್ರಾ?"

ಮಾವನ ದನಿ ಇಳಿಯಿತು. "ಬಿಡ್ದೆ ಏನ್ಮಾಡ್ಲಿ? ಗೊತ್ತಿಲ್ದೆ ತಿನ್ನೋದು ಬೇರೆ, ಗೊತ್ತಿದ್ದು ತಿನ್ನೋದು ಬೇರೆ. ನಿನ್ನ ಎಲೆ ನಾಲಿಗೇನ ಸಾಯ್ಸ್ತದೆ, ಆಸೆ ಸಾಯ್ಸಲ್ಲ. ನಿಮ್ಮ ಬೆಟ್ಟದಾಗೆ ಆಸೆ ಓಗ್ಸೋ ಸೊಪ್ಪು ಐತಾ? ಇದ್ರೆ ಅದ್ನ ಕೊಡು, ಈಗ್ಲೇ ತಿಂತೀನಿ."

"ಇಲ್ಲೇ ಇಲ್ಲ ಸಾಮಿ. ಇದ್ದಿದ್ರೆ ನಾನು ಬೆಲ್ಲಕ್ಕೋಸ್ಕರ ಅಷ್ಟೆತ್ತರದಿಂದ ಇಳ್ದು ಬತ್ತಿದ್ನಾ?" ಎಂದು, ಗೂಡಿನಲ್ಲಿದ್ದ ಬೆಲ್ಲದುಂಡೆಯನ್ನು ಕಣ್ಣಲ್ಲೇ ಅಳೆದಳು.

ಮಾವನಿಗೆ ನಗು ಬಂತು. ಬೇಡವೆಂದು ತಡೆದರು, ಮೂಗಿನಲ್ಲಿ ಬಂತು. ಆ ಉಂಡೆಯಲ್ಲಿ ದೊಡ್ಡ ಪಾಲು ಮುರಿದು ಆಕೆಗೆ ಕೊಟ್ಟರು. ಆಕೆ ಒಂದು ಹೊರೆ ಸೊಪ್ಪು ಇಟ್ಟು, ಅಲ್ಲೇ ಬೆಲ್ಲ ಚೀಪುತ್ತಾ ಹೊರಟುಹೋದಳು.

ಮಾವ ಆ ಸೊಪ್ಪನ್ನು ಮಡಿಲಿಗೆ ಎಳೆದುಕೊಂಡರು. ಆಮೇಲೆ ಚಟ್ನಿಯೂ ಇಲ್ಲ, ಉಪ್ಪೂ ಇಲ್ಲ, ಹಸಿ ಎಲೆಗಳನ್ನೇ ಬಾಯಿಗೆ ಹಾಕಿ, ಮುಖ ಕಿವಿಚಿಕೊಂಡು ಅಗಿದು ನುಂಗಿದರು. ಅಂದಿನಿಂದ ದಿನವೂ ಹಾಗೆಯೇ, ಎಲ್ಲರನ್ನೂ ಬೈದುಕೊಂಡು ಅಗಿದರು. ಆ ಕಾಲು, ಆ ಬೆರಳು, ಅವರು ಹೋಗುವವರೆಗೂ ಅವರ ಜೊತೆಗೇ ಇದ್ದವು.

ಆದರೆ ಅಂದು ಎಲೆ ನುಂಗಿದ ಮೇಲೆ ಒಳಗೆ ತಿರುಗಿ ಕೂಗಿದರು, "ಲೇ, ಬಾ ಇಲ್ಲಿ." ಎಷ್ಟೋ ದಿನದ ಮೇಲೆ ಬಂದ ಮೊದಲ ಮಾತು. ಅತ್ತೆ ಒದ್ದೆ ಕೈಯಲ್ಲೇ ಓಡಿ ಬಂದರು. ಅವರೂ ಒಂದು ಎಲೆಗೆ ಕೈ ಚಾಚಿದರು, ಅಭ್ಯಾಸ ಬಲ.

ಮಾವ ಆ ಕೈಗೆ ಪಟ್ಟನೆ ಒಂದೇಟು ಕೊಟ್ಟರು. "ನಂಗೆ ಕಾಯಿಲೆ. ನಿಂಗೇನು ಬಂದೈತೆ? ಎರಡು ತಿಂಗ್ಳು ನನ್ಜೊತೆ ಮಣ್ಣು ತಿಂದಳಂತೆ, ಮಣ್ಣು!" ಗೂಡಿನಲ್ಲಿ ಉಳಿದಿದ್ದ ಬೆಲ್ಲವನ್ನು ಎರಡು ಮಾಡಿ ಒಂದನ್ನು ಅವರ ಅಂಗೈಗೆ ಇಟ್ಟರು. "ತಿನ್ನು. ನಾನು ನೋಡ್ತೀನಿ."

"ನೀವು ತಿನ್ನದೆ ನಾನು…"

"ತಿನ್ನು ಅಂದೆ."

ಅತ್ತೆ ಬಾಯಿಗೆ ಹಾಕಿಕೊಂಡರು. ಮಾವ ಹಲಗೆಯ ಮೇಲೆ ಕಾಲಿಟ್ಟು, ಲಾಳಿ ಕೈಯಲ್ಲಿ ಹಿಡಿದು, ಅವರ ದವಡೆ ಆಡುವುದನ್ನೇ ನೋಡುತ್ತಿದ್ದರು.

"ಎಂಗೈತೆ?"

"ಮಣ್ಣು ತಿಂದಂಗೈತೆ" ಎಂದರು ಅತ್ತೆ, ಬೆರಳನ್ನು ಒಂದೊಂದಾಗಿ ನೆಕ್ಕುತ್ತಾ.

ಮಾವ ಉಳಿದ ಮಣ್ಣನ್ನೂ ಅವರ ಕೈಗೇ ಹಾಕಿದರು.